ಏಳು ಕಲ್ಲಿನ ಅಭ್ಯಾಸ

ಚಿಕ್ಕಬಳ್ಳಾಪುರ ಹೊಸ ಜಿಲ್ಲೆಯಾದ ಮರುವರ್ಷ, ಹುಡುಗಿಯರ ಫುಟ್‌ಬಾಲ್ ತಂಡಕ್ಕೆ ಆಯ್ಕೆ ನಡೆಯುತ್ತದೆಂದು ಸುತ್ತೋಲೆ ಬಂತು. ನಾನು ಮೇಲೂರಿನಲ್ಲಿ ಪಿ.ಟಿ. ಮೇಷ್ಟ್ರು. ಹನ್ನೆರಡು ವರ್ಷ ಸೀಟಿ ಊದಿದ್ದೇ ಬಂತು, ಒಬ್ಬರೂ ಜಿಲ್ಲಾ ತಂಡ ಸೇರಲಿಲ್ಲ. ಈ ಸಲ ಒಂಬತ್ತನೇ ಕ್ಲಾಸಿನ ತನುಜಳನ್ನು ಕಳಿಸಿಯೇ ತೀರಬೇಕೆಂದು ಹಟ ಹಿಡಿದೆ.

ಅವಳ ಓಟಕ್ಕೆ ಎರಡು ಮಾತಿಲ್ಲ. ಆದರೆ ಚೆಂಡು ಕಾಲಿಗೆ ಸಿಕ್ಕಿತೋ, ಕಳೆದುಹೋದ ಓಲೆ ಹುಡುಕುವವಳಂತೆ ನೆಲವನ್ನೇ ನೋಡುತ್ತ ಎದುರಿನವರಿಗೆ ಡಿಕ್ಕಿ ಹೊಡೆಯುತ್ತಿದ್ದಳು. ಶಾಲೆಯಲ್ಲಿ ಕೋನ್‌ಗಳಿರಲಿಲ್ಲ. "ಒಂದೇ ಅಳತೆದು ಏಳು ಕಲ್ಲು ತಗೊಂಡ್ ಬಾಮ್ಮ," ಎಂದೆ. ಗೇಣುದ್ದದ ಕಲ್ಲುಗಳನ್ನು ತಂದಳು. ಎಲ್ಲಿಂದ ಎಂದು ಕೇಳುವ ಬುದ್ಧಿ ನನಗೆ ಬರಲಿಲ್ಲ. ಸಾಲಾಗಿ ನೆಟ್ಟು, ದಿನಾ ಬೆಳಿಗ್ಗೆ ಅವುಗಳ ನಡುವೆ ಚೆಂಡು ಸಾಗಿಸುವ ಅಭ್ಯಾಸ ಮಾಡಿಸತೊಡಗಿದೆ.

ಮೂರನೆಯ ದಿನ ಕಲ್ಲುಗಳು ಸಾಲಿನಲ್ಲಿರಲಿಲ್ಲ. ಕುರಿ ಕಾಯುವವರನ್ನು ಬಾಯಿಗೆ ಬಂದಂತೆ ಬೈದು ಸರಿಮಾಡಿದೆ. ಮಾರನೆಯ ದಿನ ಮತ್ತೆ ಅದೇ ಕತೆ. ಹೊಸ ಜಾಗಗಳು ನಾನು ಯೋಚಿಸಿದ್ದಕ್ಕಿಂತ ಕಷ್ಟವಾಗಿದ್ದವು. ಸುಳ್ಳೇಕೆ, ಚೆನ್ನಾಗಿಯೂ ಇದ್ದವು. ಹಾಗೇ ಬಿಟ್ಟೆ.

ವಾರದೊಳಗೆ ತನುಜ ಚೆಂಡಿನಿಂದ ಕಣ್ಣು ಕಿತ್ತು ಆಡತೊಡಗಿದಳು. ಪ್ರತಿ ಕಲ್ಲಿನ ಹತ್ತಿರವೂ ಯಾರನ್ನೋ ನೋಡಿ ನಗುತ್ತ ತಿರುಗುತ್ತಿದ್ದಳು.

"ಯಾರನ್ನ ನೋಡ್ತೀಯಮ್ಮ?"

"ಚಿಕ್ ಮಕ್ಕಳು ಸಾರ್. ಕಾಲು ಅಡ್ಡ ಕೊಡ್ತಾರೆ. ಅವರ ಮುಖ ನೋಡ್ಕೊಂಡೇ ತಪ್ಪಿಸ್ಬೇಕು."

ದೆವ್ವ ಗಿವ್ವ ನಂಬುವ ಮನೆತನ ನಮ್ಮದಲ್ಲ. ಮನೆಯಲ್ಲಿರುವುದು ಬುದ್ಧನ ಪಟವೊಂದೇ. ಆದರೂ ಹೆದರಿಕೆಯಾಯಿತು. ಹೆಂಡತಿ ಸಂಘಮಿತ್ರಳಿಗೆ ಆಗ ಏಳು ತಿಂಗಳು, ಚೊಚ್ಚಲು. ಅವಳಿಗೆ ಹೇಳಲಿಲ್ಲ.

ಆಯ್ಕೆಗೆ ಎರಡು ದಿನವಿರುವಾಗ ನಮ್ಮ ಪಕ್ಕದ ಮನೆಯ ಅಕ್ಕಯಮ್ಮ ಮೈದಾನಕ್ಕೆ ಬಂದರು. ರೇಷ್ಮೆ ನೂಲು ತೆಗೆದು ತೆಗೆದು ಬೆರಳೆಲ್ಲ ಬೆಂದ ಮುದುಕಿ. ಮೂರನೆಯ ಕಲ್ಲಿನ ಪಕ್ಕ ಕುಕ್ಕರಿಸಿ, ಸೆರಗಿನಿಂದ ಅದರ ಧೂಳು ಒರೆಸಿದರು.

"ಇದು ನನ್ ಮಗಂದು ಮೇಷ್ಟ್ರೇ. ಮಣ್ಣು ಮಾಡಿದಾಗ ಕೆರೆ ಅಂಗಳದಲ್ಲಿ ನಾನೇ ನೆಟ್ಟಿದ್ದೆ. ಇವೆಲ್ಲ ಹಂಗೆ ಹೋದ ಮಕ್ಕಳವೇ. ವಾಪಸ್ ಇಟ್ಬಿಡಪ್ಪ. ಆಟದ ರುಚಿ ಹತ್ತಿದ್ರೆ ಜೊತೆಗೆ ಇನ್ನೊಬ್ರನ್ನ ಕರೀತವೆ."

"ಭಾನುವಾರ ಸೆಲೆಕ್ಷನ್ ಇದೆ ಕಣಮ್ಮ. ಸೋಮವಾರ ನಾನೇ ಇಟ್ ಬರ್ತೀನಿ," ಎಂದೆ. ಆಕೆ ಕಲ್ಲನ್ನು ಇನ್ನೊಮ್ಮೆ ಸವರಿ ಎದ್ದರು. ಆ ಮುಖ ನೆನೆದರೆ ಈಗಲೂ ನನ್ನ ಮೇಲೆ ನನಗೇ ಹೇಸಿಗೆ.

ಭಾನುವಾರ ತನುಜ ಗೌರಿಬಿದನೂರು, ಚಿಂತಾಮಣಿಯ ಹುಡುಗಿಯರನ್ನು ಒಬ್ಬೊಬ್ಬರಾಗಿ ದಾಟಿ ಹೋದಳು. ಪಟ್ಟಿಯಲ್ಲಿ ಮೊದಲ ಹೆಸರು ಅವಳದೇ. ಆ ದಿನ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಸೋಮವಾರ ಬೆಳಿಗ್ಗೆ ಸಂಘಮಿತ್ರ ಸೊಂಟ ಹಿಡಿದಂತಾಗಿದೆ ಎಂದಳು. ಅಕ್ಕಯಮ್ಮನನ್ನು ಜೊತೆಗಿರಿಸಿ, ಸೈಕಲ್ಲಿಗೆ ಗೋಣಿಚೀಲ ಕಟ್ಟಿಕೊಂಡು ಮೈದಾನಕ್ಕೆ ಹೋದೆ. ತನುಜ ಆಗಲೇ ಆಡುತ್ತಿದ್ದಳು. ಕಲ್ಲು ಎಂಟಿದ್ದವು. ಎಂಟನೆಯದು ಎಲ್ಲಕ್ಕಿಂತ ಸಣ್ಣದು, ಈಗಷ್ಟೇ ಕಡಿದಂತೆ ಬೆಳ್ಳಗಿತ್ತು. ಅವಳು ಏಳನ್ನೂ ಸುತ್ತಿದಳು. ಎಂಟನೆಯದನ್ನು ಸುತ್ತದೆ ನೇರ ಬಂದಳು.

"ಅದನ್ನ ಯಾಕಮ್ಮ ಬಿಟ್ಟೆ?"

"ಅಲ್ಲಿನ್ನೂ ಯಾರೂ ಬಂದಿಲ್ಲ ಸಾರ್. ಆ ಮಗೂಗೆ ಇನ್ನೂ ಹೆಸರೇ ಇಟ್ಟಿಲ್ವಂತೆ."

ಎಂಟನ್ನೂ ಚೀಲಕ್ಕೆ ಹಾಕಿ, ತನುಜಳನ್ನೂ ಕರೆದುಕೊಂಡು ಕೆರೆಯ ಕಡೆ ಸೈಕಲ್ ತಳ್ಳಿದೆ. ಯಾವುದು ಯಾರದೆಂದು ತನುಜ ಹೇಳಿದಂತೆ ಏಳನ್ನೂ ಅವುಗಳ ಗುಳಿಯಲ್ಲಿ ನೆಟ್ಟೆ. ಕೊನೆಯಲ್ಲಿ ಇನ್ನೊಂದು ಗುಳಿಯಿತ್ತು, ಚಿಕ್ಕದು, ಹಸಿ ಮಣ್ಣು. ಎಂಟನೆಯ ಕಲ್ಲನ್ನು ಅದರಲ್ಲಿ ನೆಡಲು ಧೈರ್ಯವಾಗಲಿಲ್ಲ, ಎಸೆಯಲೂ ಆಗಲಿಲ್ಲ. ಎದೆಗವಚಿಕೊಂಡು ಅಲ್ಲೇ ಕೂತೆ.

ನಮ್ಮ ಬೀದಿಯ ಕಡೆಯಿಂದ ಅಕ್ಕಯಮ್ಮ ಬರಿಗಾಲಲ್ಲಿ ಓಡಿ ಬರುತ್ತಿದ್ದರು. ಆಕೆ ಓಡುವುದನ್ನು ನಾನು ಅದುವರೆಗೆ ನೋಡಿರಲಿಲ್ಲ.