ಮಂತ್ರಿಯ ವಿಧವೆಯರು

ಕೆಂಪು ದಾರ, ಹೌದು, ಜಾಕೆಟ್ಟಿನ ತೋಳಿಗೆ ಹಾಕಿದ್ದು ಕೆಂಪು ದಾರವೇ, ಕಪ್ಪು ಮುಗಿದಿತ್ತು, ಅಮ್ಮನ ಮೀನಂಗಡಿಯ ಹಿಂದೆ ಕೂತು ಬೆರಳಿಗೆ ಸೂಜಿ ಚುಚ್ಚಿಸಿಕೊಂಡು ಹೊಲಿದವಳು ಗಿಲೆನ್, ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆಯ ಚೀಟಿಯಲ್ಲಿ ಮಾತ್ರ ಮರೀವೋನ್ ಧರಿಸಿದ ಜಾಕೆಟ್, ೧೯೮೩ — ಧರಿಸಿದ್ದಂತೆ, ಒಂದು ಮಧ್ಯಾಹ್ನ ಎರವಲು ತೊಟ್ಟವಳಿಗೆ ಗಾಜು, ದೀಪ, ಕಾವಲುಗಾರ, ಗಿಲೆನ್‌ಗೆ ವಯಸ್ಸು ಅರವತ್ತೆರಡಾದರೂ ಹೊಟ್ಟೆ ಉರಿಯುತ್ತದೆ, ಪಕ್ಕದ ಪರದೆಯಲ್ಲಿ ಅದೇ ಮೂವತ್ತು ಸೆಕೆಂಡು ಮತ್ತೆ ಮತ್ತೆ, ಭಾನುವಾರದ ಟಿವಿ, ನಿರೂಪಕ ಹಲ್ಲು ಕಿರಿಯುತ್ತಾನೆ, ಮರೀವೋನ್ ಗಿಟಾರ್ ಕೆಳಗಿಟ್ಟು ಇಡೀ ಫ್ರಾನ್ಸಿಗೆ ಬೆನ್ನು ತಿರುಗಿಸುತ್ತಾಳೆ, ಬೆನ್ನ ಮೇಲೆ ಮಂತ್ರಿಗೆ ಬಿಳಿ ಬಣ್ಣದಲ್ಲಿ ಬರೆದ ಬೈಗುಳ, ಆ ಬೈಗುಳವೂ ಗಿಲೆನ್‌ಳದೇ, ಹಾಡುವ ತಂಡಕ್ಕೆ ಮಂತ್ರಿಯ ವಿಧವೆಯರು ಎಂದು ಹೆಸರಿಟ್ಟವಳೂ ಅವಳೇ, ರೆನ್ ಊರಿನ ಪಾಳುಬಿದ್ದ ಬೇಕರಿಯಲ್ಲಿ ಬೀಗ ಒಡೆದು ನೆಲೆಸಿದ ನಾಲ್ವರು ಹುಡುಗಿಯರು, ಮೂರು ಊರಿನ ಮೇಯರ್‌ಗಳು ಹಾಡಬಾರದೆಂದು ಆಜ್ಞೆ ಹೊರಡಿಸಿದ್ದರು, ಅದನ್ನೇ ಚೌಕಟ್ಟು ಹಾಕಿ ಭಟ್ಟಿಯ ಮೇಲೆ ತೂಗುಹಾಕಿದ್ದರು. ಟಿವಿಗೆ ಹೋದವರು ಮಾರಿಹೋದವರು ಎಂದು ಗೋಡೆಯ ಮೇಲೆ ಬರೆದವಳೂ ಗಿಲೆನ್, ಪ್ಯಾರಿಸಿನ ಟಿವಿಯವರ ಕರೆ ಬಂದಾಗ ಅಲ್ಲಿನ ವಾಡಿಕೆಯಂತೆ ಕೈ ಎತ್ತಿ ಮತ, ಮೂರಕ್ಕೆ ಒಂದು, ನಾನ್ ಬರಲ್ಲ ಕಣ್ರೇ, ಬೇಕಿದ್ರೆ ಜಾಕೆಟ್ ತಗೊಂಡ್ಹೋಗಿ. ಹೋದರು, ವಾರದಲ್ಲಿ ಊರೂರಿನ ಗೋಡೆಗೆ ಆ ಬೆನ್ನಿನ ಚಿತ್ರ, ಬ್ರಸೆಲ್ಸ್, ಬರ್ಲಿನ್, ಆರು ವರ್ಷ ಹಾಡಿದರು, ಗಿಲೆನ್ ಮೀನು ಕೊಯ್ದಳು.

ಇವತ್ತು ಹೇಳಿಬಿಡಬೇಕು, ಚೀಟಿ ಬದಲಿಸಿ ಎನ್ನಬೇಕು, ಅದಕ್ಕೇ ರೈಲು ಹತ್ತಿ ಬಂದದ್ದು — ಊರುಗೋಲು ಕುಟ್ಟುತ್ತ ಮರೀವೋನ್ ಬರುತ್ತಿದ್ದಾಳೆ, ಜೊತೆಗೆ ಪತ್ರಿಕೆಯ ಹುಡುಗಿ, ಅಯ್ಯೋ ಮುದುಕಿ, ಬದುಕಿದ್ದೀಯೇನೇ, ತಬ್ಬಿಕೊಳ್ಳುತ್ತಾಳೆ, ಬರ್ಕೊಳಮ್ಮ, ಜಾಕೆಟ್ಟೂ ಇವಳದೇ, ಮಾತೂ ಇವಳದೇ, ಚೀಟಿ ಬದಲಾಯಿಸಿ ಅಂತ ಬೆಳಿಗ್ಗೇನೇ ಹೇಳಿದೀನಿ, ನಾವೆಲ್ಲ ಟಿವಿ ಅಂದ ತಕ್ಷಣ ಓಡಿದ್ವಿ, ತತ್ವಕ್ಕೆ ನಿಂತೋಳು ಇವಳೊಬ್ಬಳೇ. ಹುಡುಗಿ ಪೆನ್ನು ಹಿಡಿದು ಕಾಯುತ್ತಾಳೆ, ಹೌದಾ ಮೇಡಂ? ತತ್ವವೇ, ಭಾನುವಾರ ಮಧ್ಯಾಹ್ನ ಅಂಗಡಿಯಲ್ಲಿ ಟಿವಿ ಹಚ್ಚಿ, ಅಕ್ಕಪಕ್ಕದ ಹೆಂಗಸರನ್ನು ಕೂಡಿಸಿಕೊಂಡು ಅಮ್ಮ ನೋಡುತ್ತಾಳೆ ಎಂಬ ಹೆದರಿಕೆ, ಅಷ್ಟೇ ಅಲ್ಲವೇ ಆ ತತ್ವ, ಬಾಯಿ ತೆರೆಯುತ್ತದೆ, ಹೌದಮ್ಮ, ತತ್ವ ಅಂದ್ರೆ ತತ್ವ, ಎಷ್ಟು ಸಲೀಸಾಗಿ ಬಂತು, ಮರೀವೋನ್ ಭುಜ ತಟ್ಟುತ್ತಾಳೆ, ಇದೇ ಮರೀವೋನ್‌ಳ ಅಮ್ಮನೂ ಅಂದು ಟಿವಿ ಮುಂದಿದ್ದಳು, ಸಂಜೆಯೇ ಮಗಳ ಬಟ್ಟೆಗಳನ್ನು ಬೀದಿಗೆ ಎಸೆದಳು, ಸಾಯುವವರೆಗೂ ಬಾಗಿಲು ತೆಗೆಯಲಿಲ್ಲ, ಹೀಗಾಗುತ್ತದೆಂದು ಗೊತ್ತಿದ್ದೂ, ಗೊತ್ತಿದ್ದೂ ಪರದೆಯಲ್ಲಿ ಅವಳು ಗಿಟಾರ್ ಕೆಳಗಿಡುತ್ತಾಳೆ, ತಿರುಗುತ್ತಾಳೆ, ಬೆನ್ನು, ಕೆಳಗಿಡುತ್ತಾಳೆ, ತಿರುಗುತ್ತಾಳೆ, ಆ ಬೆನ್ನು