ಹಸಿದ ಕೌದಿ

ಏಳು ಕೆರೆಯ ಆಚೆ, ಎಂಟು ಗುಡ್ಡದ ಈಚೆ ಒಂದು ರಾಜ್ಯವಿತ್ತಂತೆ. ಅಲ್ಲಿಯ ರಾಜನಿಗೆ ಎಲ್ಲವೂ ಇತ್ತು, ನಿದ್ದೆಯೊಂದು ಇರಲಿಲ್ಲ. ‘ನನ್ನ ಮಂದಿ ಎಲ್ಲಾರೂ ಇರೂವಂಥ ಒಂದು ಹೊದಿಕಿ ಮಾಡ್ರಿ, ಅದರಾಗ ಮಲಗತೇನಿ’ ಅಂದ. ಒಬ್ಬ ಮುದುಕಿ ಮನೆಮನೆ ತಿರುಗಿ ರಾಣಿಯ ರೇಷ್ಮೆಯಿಂದ ಹಿಡಿದು ಕುರುಬನ ಕಂಬಳಿಯವರೆಗೆ ಒಂದೊಂದು ಚೂರು ಬೇಡಿ ತಂದು ಕೌದಿ ಹೊಲಿದಳು. ರಾಜ ಹೊದ್ದ. ಆದರೂ ಗಡಗಡ ನಡುಗಿದ. ಮುದುಕಿಯನ್ನು ಕರೆಸಿ ಕೇಳಿದರೆ ಅವಳು ತಲೆ ತಗ್ಗಿಸಿದಳು: ‘ಎಲ್ಲಾರದೂ ಹಾಕೇನ್ರಿ, ನಂದೊಂದು ಹಾಕಿಲ್ಲ. ರಾಣಿ ರೇಷ್ಮಿ ಬಾಜು ನನ್ನ ಹರಕ ಸೀರಿ ಇಡಾಕ ಮನಸ್ಸಾಗಲಿಲ್ಲ.’

ಮಾದೇವಿ ಆಯಿ ಕತೆಯನ್ನು ಯಾವಾಗಲೂ ಇಲ್ಲಿಗೇ ನಿಲ್ಲಿಸುತ್ತಿದ್ದಳು. ‘ಮುಂದ?’ ಎಂದು ಮೊಮ್ಮಗಳು ಶಿವಗಂಗಾ ಕೇಳಿದರೆ, ‘ಮುಂದೇನು, ಕೌದಿ ಹಸದಿತ್ತು’ ಎಂದು ಸೂಜಿಗೆ ದಾರ ಪೋಣಿಸುತ್ತಿದ್ದಳು.

ಆಯಿಯ ಕೈಯಲ್ಲಿ ಕೌದಿಗೆ ಒಂದು ನಿಯಮವಿತ್ತು. ಹೊಲಿಗೆ ಅಂಚಿನಿಂದ ಹೊರಟು ಸುತ್ತು ಹಾಕುತ್ತ ನಡುವಿಗೆ ಬರಬೇಕು. ನಡುವೆ ಅಂಗೈ ಅಗಲದ ಜಾಗ ಕಡೆಯತನಕ ತೆರೆದಿರಬೇಕು. ಅದು ಕೌದಿಯ ಹೊಟ್ಟೆ. ಹೊಲಿದವಳು ತಾನು ತೊಟ್ಟು ಹಳತಾದ ಬಟ್ಟೆಯ ಚೂರಿನಲ್ಲಿ ಖಡಕ್ ರೊಟ್ಟಿಯ ತುಣುಕು ಕಟ್ಟಿ ಒಳಗಿಟ್ಟು ಮುಚ್ಚಬೇಕು. ಇಲ್ಲದಿದ್ದರೆ ಆ ಕೌದಿ, ಹೊದ್ದವರ ನಿದ್ದೆಯನ್ನೇ ತಿಂದು ಹೊಟ್ಟೆ ತುಂಬಿಸಿಕೊಳ್ಳುತ್ತದೆ.

ಆಯಿ ತೀರಿಕೊಂಡು ನಾಲ್ಕು ವರ್ಷ. ಬಮ್ಮಿಗಟ್ಟಿಯ ಅದೇ ಪಡಸಾಲೆಯಲ್ಲಿ ಶಿವಗಂಗಾ ಈಗ ಹೊಲಿಗೆ ಯಂತ್ರ ಇಟ್ಟುಕೊಂಡು ಊರಿನ ಜಂಪರು ಹೊಲಿಯುತ್ತಾಳೆ. ಆದರೆ ಈ ವಾರ ಜಂಪರಿನ ಕೆಲಸ ಬದಿಗೆ ಸರಿದಿತ್ತು. ಊರಿನ ತರುಣರೆಲ್ಲ ಇಂಡಿಯಾ ಕ್ರಿಕೆಟ್ ತಂಡದ ನೀಲಿ ಅಂಗಿಗಳನ್ನು ತಂದು ಸುರಿದಿದ್ದರು. ಮೊದಲಿಗೆ ಬಂದವನು ಹಾಲಿನ ಗಾಡಿ ಓಡಿಸುವ ಸರ್ಫರಾಜ್.

‘ಅಕ್ಕಾ, ಬೆನ್ನ ಮ್ಯಾಲಿನ ಆಟಗಾರನ ಹೆಸರು ಮುಚ್ಚಿ ಮಹಾಲಕ್ಷ್ಮಿ ಅಂತ ಹೊಲಿಬೇಕು.’

‘ಇವನ ಹೆಸರಿಗೇನಾತು? ಹ್ವಾದ ವರ್ಷ ಅಂವ ಔಟಾದಾಗ ಎರಡು ದಿನ ಉಂಡಿದ್ದಿಲ್ಲಂತ ನೀ.’

‘ಈ ವರ್ಷ ಅಂವ ಹತ್ತು ರನ್ ದಾಟಿಲ್ಲ ಬಿಡಕ್ಕಾ. ಅಲ್ದ ಅಂವ ಎಲ್ಲಿಯಾಂವೋ ಏನೋ. ಇಕಿ ನಮ್ಮೂರಾಕಿ.’

‘ಹಂಗಾರ ನಿನ್ನ ದೇಶ ಬಮ್ಮಿಗಟ್ಟಿ ಅಗಸಿ ಬಾಗಲಾ ತನಕ ಅಷ್ಟ ಏನು?’

‘ಈ ವಾರ ಅಷ್ಟ’ ಎಂದು ಸರ್ಫರಾಜ್ ನಕ್ಕ. ‘ನೀನೂ ಆಕಿ ಜೋಡಿ ಆಡತಿದ್ದೆಲ್ಲ ಸಾಲ್ಯಾಗ? ಏನ್ ಆಡತಿದ್ದಿ?’

‘ಕೂಡತಿದ್ನಿ’ ಅಂದಳು ಶಿವಗಂಗಾ.

ಮಹಾಲಕ್ಷ್ಮಿ ಪಕ್ಕದ ಮನೆಯ ಹನಮಪ್ಪನ ಮಗಳು. ದಿಲ್ಲಿಯಲ್ಲಿ ಪರದೇಶದ ತಂಡಗಳ ಮೇಲೆ ಖೋಖೋ ಗೆದ್ದ ಭಾರತ ತಂಡದಲ್ಲಿ ಅವಳಿದ್ದಳು. ಅಲ್ಲಿಯವರೆಗೆ ಚಾದಂಗಡಿಯ ಟಿವಿಯಲ್ಲಿ ಕ್ರಿಕೆಟ್ ಬಿಟ್ಟು ಬೇರೇನೂ ಹಚ್ಚುತ್ತಿರಲಿಲ್ಲ. ‘ಖೋಖೋ ಅಂದ್ರ ಹೆಣ್ಣುಹುಡುಗ್ಯಾರು ಎದ್ದು ಕೂಡೂ ಆಟ’ ಎನ್ನುತ್ತಿದ್ದ ಪಂಚಾಯ್ತಿಯ ಕುಬೇರಪ್ಪ ಈಗ ‘ಇದು ನಮ್ಮ ದೇಶದ ಮಣ್ಣಿನ ಆಟ, ಬ್ಯಾರೆದೆಲ್ಲಾ ಬಂದದ್ದು’ ಎಂದು ಮೈಕು ಹಿಡಿದು ಹೇಳತೊಡಗಿದ್ದ.

ಹನ್ನೊಂದು ಅಂಗಿ. ಹನ್ನೊಂದು ಸಲ ಅದೇ ಹೆಸರು. ಶಿವಗಂಗಾ ಬಿಳಿ ಬಟ್ಟೆಯಲ್ಲಿ ಅಕ್ಷರ ಕತ್ತರಿಸಿ, ಹಳೆಯ ಹೆಸರು ಮುಚ್ಚುವ ಪಟ್ಟಿಯ ಮೇಲೆ ಕೂರಿಸಿ ಹೊಲಿದಳು. ಆರನೆಯದಕ್ಕೆ ಬೇಕೆಂದೇ ‘ಮ’ವನ್ನು ಸೊಟ್ಟ ಹಚ್ಚಿದಳು. ಯಾರಿಗೂ ಗೊತ್ತಾಗಲಿಲ್ಲ. ಗೊತ್ತಾಗದ್ದಕ್ಕೆ ಇನ್ನಷ್ಟು ಉರಿಯಿತು.

ಆ ಉರಿಯ ಬೇರು ಒಂಬತ್ತು ವರ್ಷದಷ್ಟು ಆಳ. ಒಂಬತ್ತನೆಯ ಇಯತ್ತೆಯಲ್ಲಿ ಜಿಲ್ಲಾ ಪಂದ್ಯಕ್ಕೆಂದು ಇಬ್ಬರೂ ಧಾರವಾಡಕ್ಕೆ ಹೋಗಿದ್ದರು. ಥಂಡಿಯ ನಸುಕಿನಲ್ಲಿ, ಶಾಲೆಯೊಂದರ ಹಾಸುಗಲ್ಲಿನ ಮೇಲೆ, ಒಂದೇ ಚಾದರವನ್ನು ಇಬ್ಬರೂ ಜಗ್ಗಾಡುತ್ತಿದ್ದಾಗ ಶಿವಗಂಗಾ ಅಂದಿದ್ದಳು: ‘ನಮ್ಮಿಬ್ಬರಾಗ ಯಾರು ಇಂಡಿಯಾ ಅಂಗಿ ಹಾಕ್ಕೋತಾರ, ಅವರಿಗೆ ಇನ್ನೊಬ್ಬಾಕಿ ಕೌದಿ ಹೊಲದು ಕೊಡಬೇಕು. ಆಯಿ ಮ್ಯಾಲ ಆಣಿ.’ ಹೊದೆಯುವವಳು ತಾನೇ ಎಂಬ ಬಗ್ಗೆ ಅವಳಿಗೆ ಎಳ್ಳಷ್ಟೂ ಅನುಮಾನ ಇರಲಿಲ್ಲ. ಮಹಾಲಕ್ಷ್ಮಿಗೆ ಸೂಜಿಗೆ ದಾರ ಹಾಕಲೂ ಬರುತ್ತಿರಲಿಲ್ಲ.

ಅವತ್ತಿನ ಕಡೆಯ ಆಟದಲ್ಲಿ ಅರ್ಧ ನಿಮಿಷ ಉಳಿದಿತ್ತು. ಎದುರಿನವರ ಒಬ್ಬಳೇ ಹುಡುಗಿ ತಪ್ಪಿಸಿಕೊಂಡು ಓಡುತ್ತಿದ್ದಳು. ಬೆನ್ನಟ್ಟಿದವಳು ಶಿವಗಂಗಾ. ಕಂಬದ ಹತ್ತಿರ ಒಂದು ತೋಳಿನಷ್ಟೇ ಅಂತರ. ಆದರೆ ಅವಳು ಸಾಲಿನಲ್ಲಿ ಕುಳಿತಿದ್ದ ಮಹಾಲಕ್ಷ್ಮಿಯ ಬೆನ್ನು ಮುಟ್ಟಿ ‘ಖೋ’ ಅಂದಳು. ಆಟದ ನೇಮದಂತೆ ಮುಟ್ಟಿಸಿಕೊಂಡವಳು ಏಳಬೇಕು, ಮುಟ್ಟಿದವಳು ಆ ಜಾಗದಲ್ಲಿ ಕೂಡಬೇಕು. ಮಹಾಲಕ್ಷ್ಮಿ ಎದ್ದಳು, ಮೈ ಕೊರೆಯುವ ಗರಸುಮಣ್ಣಿನ ಮೇಲೆ ಉದ್ದಕ್ಕೆ ಜಿಗಿದಳು, ಹಿಡಿದಳು. ಆಯ್ಕೆಗೆ ಬಂದಿದ್ದವರು ಅವಳ ಹೆಸರು ಬರೆದುಕೊಂಡರು. ಅವಳು ಕ್ರೀಡಾ ವಸತಿ ಶಾಲೆಗೆ ಹೋದಳು; ಶಿವಗಂಗಾ ಬಸ್ಸು ಹತ್ತಿ ಊರಿಗೆ ಬಂದಳು.

ಅಂದಿನಿಂದ ಶಿವಗಂಗಾ ಒಂದು ಮಾತನ್ನು ಎದೆಯೊಳಗೆ ಸಾಕಿಕೊಂಡು ಬಂದಿದ್ದಳು: ನಾನು ಕೊಟ್ಟೆ, ಅದಕ್ಕೇ ಅವಳಿಗೆ ಸಿಕ್ಕಿತು.

ಗೆದ್ದು ಬಂದ ಮಹಾಲಕ್ಷ್ಮಿಯ ಸತ್ಕಾರ ಊರಿನ ಶಾಲೆಯ ಮೈದಾನದಲ್ಲೇ ಆಯಿತು. ಹನ್ನೊಂದು ತರುಣರು ಹನ್ನೊಂದು ಬೆನ್ನು ತೋರಿಸುತ್ತ ತೆರೆದ ಜೀಪಿನ ಮುಂದೆ ಕುಣಿದರು. ಮಹಾಲಕ್ಷ್ಮಿ ಹೆಗಲ ಮೇಲೆ ತ್ರಿವರ್ಣ ಹೊದ್ದು ನಿಂತಿದ್ದಳು. ಅವಳ ಬೂಟು, ಬಿಗಿದ ಜಡೆ, ಎದೆಯ ಮೇಲೆ ದೇಶದ ಹೆಸರು, ಎಲ್ಲವನ್ನೂ ಶಿವಗಂಗಾ ಹೆಂಗಸರ ಸಾಲಿನಿಂದ ಅಳತೆ ತೆಗೆದುಕೊಳ್ಳುವವಳ ಹಾಗೆ ನೋಡಿದಳು. ಆ ಧ್ವಜದ ಬಟ್ಟೆ ಖಾದಿಗೆ ಹೆಸರಾದ ನಮ್ಮ ಗರಗದಲ್ಲೇ ನೇಯ್ದದ್ದೋ ಏನೋ ಅಂದುಕೊಂಡಳು. ನೂತವಳ ಹೆಸರು ಯಾವ ಅಂಗಿಯ ಬೆನ್ನ ಮೇಲೂ ಬರುವುದಿಲ್ಲ.

ವೇದಿಕೆ ಇಳಿದ ಮಹಾಲಕ್ಷ್ಮಿ ನೂಕುನುಗ್ಗಲಿನಲ್ಲೇ ಕೂಗಿ ಕೇಳಿದಳು: ‘ಲೇ ಗಂಗಿ, ಕೌದಿ ಎಲ್ಲಿಗೆ ಬಂತು? ನಾಳೆ ಮಧ್ಯಾಹ್ನದ ಬಸ್ಸಿಗೆ ಹೊಂಟೇನಿ.’

ಊರೆಲ್ಲ ಕೇಳಿಸಿಕೊಂಡಿತು. ಇನ್ನು ತಪ್ಪಿಸಿಕೊಳ್ಳುವ ಹಾಗಿರಲಿಲ್ಲ.

ಆಣೆಗೆ ಕಟ್ಟುಬಿದ್ದು ಹೊಲಿಯತೊಡಗಿದ್ದ ಕೌದಿ ಮುಗಿಯುತ್ತ ಬಂದಿತ್ತು. ಆಯಿಯ ಇಳಕಲ್ಲ ಸೀರೆ, ಮಹಾಲಕ್ಷ್ಮಿಯ ಅವ್ವನ ಹಳೆಯ ಪತ್ತಲ, ಓಣಿಯ ಮನೆಮನೆಯ ಚೂರು ಎಲ್ಲ ಅದರಲ್ಲಿದ್ದವು. ಉಳಿದದ್ದು ಹೊಟ್ಟೆ ಮಾತ್ರ. ಟ್ರಂಕಿನ ತಳದಲ್ಲಿ ಶಿವಗಂಗಾಳ ಶಾಲಾ ತಂಡದ ಅಂಗಿ ಇತ್ತು, ಬಣ್ಣ ಹೋಗಿದ್ದರೂ ಬೆನ್ನಿನ ಏಳರ ಅಂಕಿ ಇನ್ನೂ ಕಾಣುವಂಥದ್ದು. ಅವಳದೆಂದು ಹಾಕುವುದಾದರೆ ಅದನ್ನೇ ಹಾಕಬೇಕು. ಮರುದಿನ ಮುಂಜಾನೆ ಟ್ರಂಕು ತೆರೆದಳು, ಅಂಗಿಯನ್ನು ಮೂಸಿದಳು, ಮತ್ತೆ ಮಡಚಿ ಮುಚ್ಚಿದಳು. ಎಲ್ಲ ಕೊಟ್ಟಾಯಿತು, ಇದನ್ನೂ ಕೊಡಬೇಕೇನು? ಹೊಟ್ಟೆಯನ್ನು ಖಾಲಿಯೇ ಬಿಟ್ಟು ಸಣ್ಣ ಸಣ್ಣ ಹೊಲಿಗೆಯಿಂದ ಮುಚ್ಚಿಬಿಟ್ಟಳು. ಹೊದ್ದವಳು ನಿದ್ದೆಗೆಡಲಿ.

ಮಹಾಲಕ್ಷ್ಮಿ ಬಂದವಳೇ ಕೌದಿಯನ್ನು ಪಡಸಾಲೆಯಲ್ಲಿ ಹಾಸಿ ಅದರ ಮೇಲೆ ಕುಳಿತಳು. ಅವ್ವನ ಪತ್ತಲ ಗುರುತು ಹಿಡಿದು ನಕ್ಕಳು. ಆಮೇಲೆ ಅವಳ ಅಂಗೈ ನಡುವಿಗೆ ಹೋಯಿತು. ಒತ್ತಿತು, ಮತ್ತೊಮ್ಮೆ ಒತ್ತಿತು. ಅವಳೂ ಮಾದೇವಿ ಆಯಿಯ ಮಗ್ಗುಲಲ್ಲಿ ಕತೆ ಕೇಳಿ ಬೆಳೆದವಳೇ.

‘ಗಂಟು ಸಿಗವಲ್ದು’ ಅಂದಳು. ‘ಇದು ಹಸದೈತಿ.’

ಶಿವಗಂಗಾ ಯಂತ್ರದ ಗಾಲಿ ತಿರುವುತ್ತ ಕುಳಿತಳು. ‘ಮರತೆ.’

‘ನೀ ಮರಿಯಾಕಿ ಅಲ್ಲ. ನನ್ನ ಮ್ಯಾಲ ಸಿಟ್ಟು ಐತಿ.’

‘ಇರಬಾರದೇನು? ನಾ ಖೋ ಕೊಡದಿದ್ರ ನೀ ಎಲ್ಲಿರತಿದ್ದಿ?’

‘ಇಲ್ಲೇ ಇರತಿದ್ನಿ. ಮೆಕ್ಕಿಜ್ವಾಳ ಸುಲಿಯಾಕ’ ಅಂದಳು ಮಹಾಲಕ್ಷ್ಮಿ, ಒಂದಿಷ್ಟೂ ತಡಮಾಡದೆ. ‘ಆದ್ರ ಒಂದು ಕೇಳತೇನಿ, ಖರೇ ಹೇಳು. ಒಂದು ತೋಳು ದೂರ ಇತ್ತು. ನೀನ ಯಾಕ ಜಿಗಿಲಿಲ್ಲ?’

ಗಾಲಿ ನಿಂತಿತು. ಶಿವಗಂಗಾಳ ಕಣ್ಣ ಮುಂದೆ ಧಾರವಾಡದ ಆ ಮೈದಾನ ಬಂತು. ಮುಳ್ಳಿನಂತೆ ಎದ್ದ ಗರಸು, ತನ್ನ ಮೊಳಕಾಲಿನ ಹಳೆಯ ಗಾಯ. ಒಂಬತ್ತು ವರ್ಷದಿಂದ ಸಾಕಿದ ಮಾತು ನಾಲಿಗೆಯ ತುದಿಗೆ ಬಂದು ಅಲ್ಲಿಯೇ ಮುರಿಯಿತು.

‘ಹೆದರಿದ್ನಿ’ ಅಂದಳು. ‘ಗರಸು ನೋಡಿ ಹೆದರಿದ್ನಿ.’

‘ಗೊತ್ತು. ಬೆನ್ನು ಮುಟ್ಟಿದಾಗ ನಿನ್ನ ಕೈ ನಡಗತಿತ್ತು.’

‘ಗೊತ್ತಿದ್ದೂ ಇಷ್ಟು ವರ್ಷ ಹೇಳಲಿಲ್ಲಲ್ಲ ಬೇ.’

‘ನಿನಗ ಗೊತ್ತೈತಿ ಅನ್ಕೊಂಡಿದ್ನಿ’ ಎಂದು ಮಹಾಲಕ್ಷ್ಮಿ ಪ್ಯಾಂಟನ್ನು ಮೇಲಕ್ಕೆಳೆದು ಮೊಳಕಾಲು ತೋರಿಸಿದಳು. ಅಲ್ಲಿ ಆವತ್ತಿನ ಗರಸು ಕೊರೆದ ಕಪ್ಪು ಕಲೆ ಇತ್ತು. ‘ನಾನೂ ಹೆದರಿದ್ನಿ. ಎದ್ದಾಗಿತ್ತು, ಏನ್ ಮಾಡೂದು.’

ಶಿವಗಂಗಾ ಆ ಕಲೆಯನ್ನು ನೋಡಿದಳು. ಅದು ತನ್ನ ಕಾಲಿನ ಮೇಲೆ ಇಲ್ಲವಲ್ಲ ಎಂದು ಈಗಲೂ ಎದೆ ಚುರ್ ಅಂದಿತು. ಆ ಉರಿ ಹೋಗುವುದಲ್ಲ ಎಂದು ಅವಳಿಗೆ ಗೊತ್ತಾಯಿತು. ಎದ್ದು ಹೋಗಿ ಟ್ರಂಕು ತೆರೆದಳು.

ಕತ್ತರಿ ಏಳರ ಅಂಕಿಯ ಸುತ್ತ ಹರಿಯಿತು. ಮಹಾಲಕ್ಷ್ಮಿ ಅಡುಗೆಮನೆಗೆ ನುಗ್ಗಿ ಬುಟ್ಟಿಯಿಂದ ಖಡಕ್ ರೊಟ್ಟಿ ತಂದು ಮುರಿದಳು. ದೊಡ್ಡ ಚೂರನ್ನು ತಾನೇ ಬಾಯಿಗೆ ಹಾಕಿಕೊಂಡಳು.

‘ಅದು ಕೌದಿಗೆ ಬೇ, ನಿನಗಲ್ಲ.’

‘ಬಸ್ಸಿಗೆ ಹೊತ್ತಾತು, ಹೊಲಿ ನೀ.’

ಮುಚ್ಚಿದ ಹೊಲಿಗೆಯನ್ನು ಶಿವಗಂಗಾ ಒಂದೊಂದಾಗಿ ಬಿಚ್ಚಿದಳು. ರೊಟ್ಟಿಯ ತುಣುಕನ್ನು ಏಳರ ಅಂಕಿಯ ಚೂರಿನಲ್ಲಿ ಕಟ್ಟಿ ಒಳಗಿಟ್ಟಳು. ಈ ಸಲ ಹೊಲಿಗೆ ದೊಡ್ಡದಾಗಿಯೇ ಬಿತ್ತು, ಯಾರಿಗಾದರೂ ಕಾಣುವ ಹಾಗೆ. ಅಗಸಿಯ ಕಡೆಯಿಂದ ಬಸ್ಸಿನ ಹಾರ್ನು ಕೇಳಿಸಿತು. ಅವಳು ಅವಸರ ಮಾಡಲಿಲ್ಲ. ಕಡೆಯ ಗಂಟು ಹಾಕಿ, ಬಾಗಿ, ಹಲ್ಲಿನಿಂದ ದಾರ ಕಡಿದಳು.