ಪೆನಾಲ್ಟಿ ಬಾಕ್ಸಿನೊಳಗೆ ಒಂದು ಕೂಗು

ರೆಫರಿಯಾದ ಮೇಲೆ ಬೈಸಿಕೊಂಡು ಬೈಸಿಕೊಂಡು ನನ್ನ ಚರ್ಮ ದಪ್ಪವಾಗಿದೆ. ಕಿಬ್ಬನಹಳ್ಳಿಯ ಹೊಸ ಫುಟ್‌ಬಾಲ್ ಮೈದಾನದ ಮ್ಯಾಚಿಗೆ ನನ್ನನ್ನು ಹಾಕಿದ್ದಾರೆ ಎಂದಾಗ ಹೆದರಿದ್ದು ಅಮ್ಮ, ನಾನಲ್ಲ.

"ಬ್ಯಾಡ ಕಣೇ ಗಾನವಿ. ಆ ಜಾಗ ನಮಗಾಗಲ್ಲ" ಅಂದಳು.

ನಾನು ರೇಗಿದೆ. ವೃತ್ತಿಪರ ಲೀಗಿನಲ್ಲಿ ಸೀಟಿ ಊದುವ ಹೆಂಗಸರೇ ಬೆರಳೆಣಿಕೆಯಷ್ಟು. ಅಂಥದ್ದರಲ್ಲಿ ಸತ್ತ ತಾತನ ಕಥೆ ಹೇಳಿಕೊಂಡು ರಜೆ ಕೇಳಲೇ? "ಸುಮ್ನೆ ಬಂದು ಗ್ಯಾಲರೀಲಿ ಕೂತ್ಕೊ" ಎಂದು ಹೇಳಿ ಎದ್ದು ಹೋದೆ.

ಅಮ್ಮನ ಮಾತಿಗೆ ಕಾರಣವಿತ್ತು, ಇಲ್ಲವೆನ್ನುವುದಿಲ್ಲ. ಈಗ ಹುಲ್ಲು ಹಾಸಿರುವ ಆ ಮೈದಾನ ಹಿಂದೆ ತೆಂಗಿನ ತೋಟ. ಅಮ್ಮನ ಅಪ್ಪ ಹುಚ್ಚರಂಗಯ್ಯ ಅಲ್ಲಿ ಮರ ಹತ್ತಿ ಕಾಯಿ ಕೆಡವುತ್ತಿದ್ದ. ಗೊನೆಗೆ ಮಚ್ಚು ಹಾಕುವ ಮುಂಚೆ ಮರದ ಮೇಲಿನವನು "ಕಾಯಿ ಬಂತೂ" ಎಂದು ಉದ್ದಕ್ಕೆ ಕೂಗಬೇಕು. ಕೆಳಗಿದ್ದವರು ಮೇಲೆ ನೋಡಬಾರದು, ನೋಡಿದರೆ ಮುಖದ ಮೇಲೇ ಬೀಳುತ್ತದೆ. ಎರಡೂ ತೋಳುಗಳನ್ನು ತಲೆಯ ಮೇಲೆ ಕಟ್ಟಿ, ಕತ್ತು ತಗ್ಗಿಸಿ ನಿಂತುಬಿಡಬೇಕು. ನಮ್ಮ ಕಡೆಯ ಮಕ್ಕಳಿಗೆ ಇದನ್ನು ಯಾರೂ ಕೂರಿಸಿಕೊಂಡು ಕಲಿಸುವುದಿಲ್ಲ. ನಡೆಯುವುದು ಬಂದ ಹಾಗೆ ಬರುತ್ತದೆ.

ಒಂದು ದಿನ ತಾತ ಕೂಗಲಿಲ್ಲ. ಯಾಕೆಂದು ಅವನಿಗೇ ಗೊತ್ತು. ಕೆಳಗೆ ಕಾಯಿ ಆಯುತ್ತಿದ್ದ ಕಲ್ಲಮ್ಮ ಎಂಬಾಕೆ ತಲೆಗೆ ಗೊನೆ ಬಿದ್ದು ಅಲ್ಲೇ ಹೋಗಿಬಿಟ್ಟಳು. ಅವತ್ತಿನಿಂದ ತಾತ ಮರ ಹತ್ತಲಿಲ್ಲ, ಬಾಯನ್ನೂ ಬಿಡಲಿಲ್ಲ. ನನಗೆ ನೆನಪಿರುವ ತಾತ ಜಗಲಿಯ ಮೇಲೆ ತುಟಿ ಬಿಗಿದು ಕೂತ ಮುದುಕ. ಅವನ ದನಿಯನ್ನು ನಾನು ಕೇಳಿಯೇ ಇಲ್ಲ. ಹಾಗೇ ಸತ್ತುಹೋದ.

ಆ ಕಲ್ಲಮ್ಮನ ಮೊಮ್ಮಗ ಮಲ್ಲೇಶ್ ಈಗ ನಮ್ಮ ಜಿಲ್ಲೆಯ ತಂಡದ ಡಿಫೆಂಡರ್. ಹಿಂದಿನ ಮ್ಯಾಚಿನಲ್ಲಿ ಅವನ ಕೈಗೆ ಚೆಂಡು ತಾಗಿ ಪೆನಾಲ್ಟಿಯಾಗಿ ತಂಡ ಸೋತಿತ್ತು. ಬೆಟ್ಟಿಂಗಿನವರ ಜೊತೆ ಶಾಮೀಲಾಗಿ ಬೇಕಂತಲೇ ಕೈ ಕೊಟ್ಟ ಎಂದು ಊರೆಲ್ಲ ಗುಸುಗುಸು. ಇನ್ನೊಂದು ಸಲ ಹಾಗಾದರೆ ತೆಗೆದುಹಾಕುತ್ತೇವೆ ಎಂದು ತಂಡದವರು ಅವನ ಮುಖಕ್ಕೇ ಹೇಳಿದ್ದರು. ಕಳ್ಳ ಎಂದು ಆಚೆ ಬಿದ್ದವನನ್ನು ಮತ್ತೆ ಯಾವ ತಂಡ ಸೇರಿಸಿಕೊಳ್ಳುತ್ತದೆ?

ಪಾಪದ ಹುಡುಗ ಅನ್ನಿಸಿತು ನಿಜ. ಆದರೆ ಅವರ ಮನೆಗೆ ನಮ್ಮ ಮನೆಯಿಂದಾದ ಅನ್ಯಾಯ ಊರಿಗೆಲ್ಲ ಗೊತ್ತು. ನಾನು ಅವನ ಪರ ಬೆರಳೆತ್ತಿದರೂ ಹಳೆಯ ಬಾಕಿ ತೀರಿಸಿದಳು ಅನ್ನುತ್ತಾರೆ. ಹಾಗಾಗಿ ಕೂದಲೆಳೆಯಷ್ಟೂ ಸಡಿಲ ಬಿಡುವುದಿಲ್ಲ ಎಂದು ಹಲ್ಲು ಕಚ್ಚಿಕೊಂಡೇ ಮೈದಾನಕ್ಕಿಳಿದೆ.

ಆಟ ಮುಗಿಯುತ್ತ ಬಂದರೂ ಎರಡೂ ಕಡೆ ಗೋಲಿಲ್ಲ. ಬೆಂಗಳೂರಿನ ತಂಡದ ಮೋಹನ್ ಕುಮಾರ್ ಚೆಂಡು ತೆಗೆದುಕೊಂಡು ಬಾಕ್ಸಿನೊಳಗೆ ನುಗ್ಗಿದ. ಮಲ್ಲೇಶ್ ಅಡ್ಡ ಬಂದ. ಆಗ ಏನಾಯಿತೋ, ನನ್ನ ಕಿವಿ ಗವ್ವೆಂದು ಕಟ್ಟಿಕೊಂಡಿತು. ಗ್ಯಾಲರಿಯ ತಮಟೆ ಬಡಿಯುವವನ ಕೈ ಆಡುವುದು ನಿಂತಿತ್ತು. ಮರುಕ್ಷಣ ಚೆಂಡು ಗೋಲಿನ ಮೇಲಿಂದ ಆಚೆ ಹೋಗಿ ಬಿದ್ದಿತ್ತು. ಮಲ್ಲೇಶನ ಮೈಗೆ ತಾಗಿ ಹೋಯಿತೆಂದು ನಾನು ಕಾರ್ನರ್ ಕಿಕ್ ಕೊಟ್ಟೆ.

ಬೆಂಗಳೂರಿನ ಕೋಚ್ ಗೆರೆಯ ಹತ್ತಿರ ಓಡಿ ಬಂದು ಗಾಳಿಯಲ್ಲಿ ಬೆರಳು ತಿರುಗಿಸಿದ. ವಿಡಿಯೋ ನೋಡಿ ಎಂದು ಅದರರ್ಥ. ಈ ವರ್ಷ ನಮ್ಮ ಲೀಗಿಗೂ ಆ ಭಾಗ್ಯ ಬಂದಿದೆ.

ಗೆರೆಯ ಆಚೆ ಒಂದು ಶಾಮಿಯಾನ, ಅದರಡಿ ಒಂದು ಟೀವಿ. ಅದನ್ನು ನೋಡಿಕೊಳ್ಳುವವನು ತಿಪಟೂರಿನ ಜಾವೀದ್, ಮದುವೆ ವಿಡಿಯೋ ತೆಗೆಯುವವನು. "ಗೋಲಿನ ಹಿಂದಿನ ಕ್ಯಾಮೆರಾ ಹ್ಯಾಂಗಾಗಿದೆ ಮೇಡಂ, ಎದುರು ಗ್ಯಾಲರಿ ತೋರಿಸೋದು ಒಂದೇ ಈಗ. ಸೌಂಡಿಲ್ಲ" ಎಂದ.

ಮೊದಲ ಸಲ ನೋಡಿದಾಗಲೇ ಗೊತ್ತಾಯಿತು. ಚೆಂಡು ಮಲ್ಲೇಶನ ಮೊಣಕೈಗೆ ಹೊಡೆದು ಮೇಲೆ ಹಾರಿತ್ತು. ನಿಧಾನಕ್ಕೆ ಹಾಕಿಸಿದೆ. ನಿಧಾನ ಮಾಡಿದರೆ ಎಂಥವರೂ ಕಳ್ಳರ ಹಾಗೇ ಕಾಣುತ್ತಾರೆ, ಅದು ನನಗೂ ಗೊತ್ತು. ಆದರೆ ಇಲ್ಲಿ ಮೋಹನ್ ಕುಮಾರ್ ಒದೆಯುವ ಮುಂಚೆಯೇ ಮಲ್ಲೇಶನ ಎರಡೂ ತೋಳು ತಲೆಯ ಮೇಲೆ ಹೋಗಿದ್ದವು. ತೋಳು ಭುಜಕ್ಕಿಂತ ಮೇಲಿದ್ದರೆ ಅದು ಸಹಜ ಭಂಗಿಯಲ್ಲ, ಮುಗಿಯಿತು, ಪೆನಾಲ್ಟಿ. ಗೋಲಿಗೆ ಹೋಗುವ ಚೆಂಡಾದ್ದರಿಂದ ಕೆಂಪು ಕಾರ್ಡು. ನನ್ನ ಕೈ ಜೇಬಿಗೆ ಹೋಯಿತು.

"ಮೇಡಂ, ಹಿಂದ್ಗಡೆ ನೋಡ್ರಿ" ಎಂದ ಜಾವೀದ್.

ಅವನು ಹಿಂದಿನ ಗ್ಯಾಲರಿಯನ್ನು ದೊಡ್ಡದು ಮಾಡಿದ. ಕೂತಿದ್ದ ಅಷ್ಟೂ ಜನ ತೋಳುಗಳನ್ನು ತಲೆಯ ಮೇಲೆ ಕಟ್ಟಿ ಕತ್ತು ತಗ್ಗಿಸಿದ್ದರು. ಕಡಲೆಕಾಯಿ ಮಾರುವವನು ತಕ್ಕಡಿ ಬಿಟ್ಟಿದ್ದ. ಪೊಲೀಸಿನವನ ಟೋಪಿ ಕೆಳಗೆ ಬಿದ್ದಿತ್ತು. ಕಂಕುಳಲ್ಲಿ ಮಗು ಇದ್ದವಳು ಒಂದು ತೋಳನ್ನು ಮಗುವಿನ ತಲೆಯ ಮೇಲಿಟ್ಟಿದ್ದಳು. ನೆಟ್ಟಗೆ ನಿಂತವರೆಂದರೆ ಬೆಂಗಳೂರಿನ ಆಟಗಾರರು. ಬಾಕ್ಸಿನ ಅಂಚಿನಲ್ಲಿ ಕ್ಯಾಮೆರಾಕ್ಕೆ ಬೆನ್ನು ಹಾಕಿ ನಾನೂ ನಿಂತಿದ್ದೆ, ಕೈಗಳು ಕೆಳಗಿದ್ದವು.

ತಿರುಗಿ ನಿಜವಾದ ಗ್ಯಾಲರಿಯ ಕಡೆ ನೋಡಿದೆ. ಜನ ಎಂದಿನಂತೆ ಕಡಲೆಕಾಯಿ ತಿನ್ನುತ್ತ ನನ್ನನ್ನು ಬೈಯುತ್ತಿದ್ದರು. ತಾವು ಕೈ ಎತ್ತಿದ್ದು ಒಬ್ಬರಿಗಾದರೂ ನೆನಪಿದ್ದಂತೆ ಕಾಣಲಿಲ್ಲ. ಯಾರೋ ಪೋಲಿ ಹುಡುಗ ಕಾಯಿ ಕೆಡವುವವರ ಕೂಗು ಹಾಕಿರಬೇಕು ಅಂದುಕೊಂಡೆ.

ತೋಳು ಸಹಜ ಭಂಗಿಯಲ್ಲಿದ್ದರೆ ಚೆಂಡು ತಾಗಿದರೂ ತಪ್ಪಲ್ಲ ಎನ್ನುತ್ತದೆ ನಿಯಮ. ಕೆಂಪು ಕಾರ್ಡನ್ನು ಜೇಬಿನಲ್ಲೇ ಬಿಟ್ಟೆ. ಹೊರಟಾಗ ಬೆಂಗಳೂರಿನಿಂದ ಬಂದ ಮ್ಯಾಚ್ ಕಮಿಷನರ್ ಶ್ರೀನಿವಾಸ್ ಅಡ್ಡ ನಿಂತರು.

"ತೋಳು ತಲೆ ಮೇಲಿದೆಯಲ್ರೀ. ಇದ್ಯಾವ ಸೀಮೆ ಸಹಜ ಭಂಗಿ?"

"ಈ ಸೀಮೆದೇ ಸಾರ್. ಗ್ಯಾಲರಿ ಒಂದ್ಸಲ ನೋಡಿ, ಆಮೇಲೆ ಮಾತಾಡಿ."

"ಇದಕ್ಕೆ ಉತ್ತರ ಕೊಡಬೇಕಾಗುತ್ತೆ ನೀವು."

"ಕೊಡ್ತೀನಿ" ಎಂದು ಮೈದಾನದ ನಡುವೆ ಹೋಗಿ ಕಾರ್ನರಿನ ಕಡೆಗೇ ಕೈ ತೋರಿಸಿದೆ. ಬೈಗುಳದ ಸುರಿಮಳೆಯಲ್ಲೇ ಆಟ ಗೋಲಿಲ್ಲದೆ ಮುಗಿಯಿತು.

ಬಿಸಿಲಿನ್ನೂ ಇಳಿದಿರಲಿಲ್ಲ. ಮಲ್ಲೇಶ್ ಬೂಟು ಕೈಯಲ್ಲಿ ಹಿಡಿದು ಶಾಮಿಯಾನದ ಹತ್ತಿರ ಬಂದ. ಗ್ಯಾಲರಿಯಿಂದ ಇಳಿದ ಅಮ್ಮನೂ ಅಲ್ಲೇ ನಿಂತಿದ್ದಳು. ಅವನನ್ನು ಕಂಡು ಸೆರಗು ಸರಿಮಾಡಿಕೊಂಡು ಪಕ್ಕಕ್ಕೆ ಸರಿದಳು.

"ನನ್ನ ಮಾನ ಉಳಿಸಿದ್ರಿ ಅಕ್ಕ. ನಮ್ಮ ಟೀಮಿನೋರೂ ವಿಡಿಯೋ ನೋಡಿದ್ರು, ಟೀಮಲ್ಲೇ ಇರು ಅಂದ್ರು" ಎಂದ. ಆಮೇಲೆ, "ಆದ್ರೆ ಯಾಕ್ ಕೂಗಿದ್ರಿ? ನೀವು ಕೂಗ್ದೆ ಇದ್ದಿದ್ರೆ ನಾನು ಕೈಯೇ ಎತ್ತಿರ್ಲಿಲ್ಲ."

"ನಾನಾ? ತಲೆ ಕೆಟ್ಟಿದೆಯೇನೋ? ಸೀಟಿ ಬಾಯಲ್ಲಿಟ್ಕೊಂಡು ಯಾರಾದ್ರೂ ಕೂಗ್ತಾರಾ?"

"ಸೀಟಿ ಕೈಯಲ್ಲಿತ್ತು ಕಣಕ್ಕ" ಎಂದ ಮೆಲ್ಲಗೆ.

ಅವನಿಗೆ ಉಗಿಯೋಣ ಎಂದುಕೊಂಡರೆ ಗಂಟಲು ಹರಿದಂತೆ ಉರಿಯಿತು. ಉರಿ ಆಗಿನಿಂದಲೂ ಇತ್ತು, ನಾನು ಗಮನಿಸಿರಲಿಲ್ಲ ಅಷ್ಟೇ.

ಜಾವೀದ್ ಟೀವಿಯ ಮುಂದೆ ಅಲುಗಾಡದೆ ಕೂತಿದ್ದ. "ಗೋಲಿನ ಹಿಂದಿನ ಕ್ಯಾಮೆರಾ ಸರಿ ಹೋಯ್ತು ಮೇಡಂ. ಅದ್ರಲ್ಲಿ ಸೌಂಡೂ ಇದೆ. ನೀವು ನೋಡ್ಬೇಕು" ಎಂದು ಹೆಡ್‌ಫೋನ್ ಕೊಟ್ಟ.

ಪರದೆಯಲ್ಲಿ ನನ್ನ ಮುಖವಿತ್ತು. ಕಣ್ಣು ಚೆಂಡಿನ ಮೇಲಿರಲಿಲ್ಲ. ಮರದ ತುದಿಯಿಂದ ನೆಲ ನೋಡುವವರ ಹಾಗೆ, ನಾನು ಮಲ್ಲೇಶನನ್ನು ಬಹಳ ಕೆಳಗೆ ಎಲ್ಲೋ ನೋಡುತ್ತಿದ್ದೆ. ಕತ್ತಿನ ನರ ಉಬ್ಬಿದ್ದವು. ಬಾಯಿ ಪೂರ್ತಿ ತೆರೆದಿತ್ತು. ಹೆಡ್‌ಫೋನಿನಲ್ಲಿ ತಮಟೆ ತಟ್ಟನೆ ನಿಂತು, "ಕಾಯಿ ಬಂತೂ" ಎಂದು ಉದ್ದನೆಯ ಕೂಗು ಬಂತು. ಗಂಡಸಿನ ದನಿ. ವಯಸ್ಸಾದ, ಒಣಗಿದ ದನಿ. ನಾನು ಎಂದೂ ಕೇಳದ ದನಿ. ನನಗೆ ಹೆದರಿಕೆಯಾಯಿತು, ಮಗುವಿಗೆ ಆಗುವಂಥ ಹೆದರಿಕೆ.

ಅಮ್ಮ ನನ್ನ ಕಿವಿಯಿಂದ ಹೆಡ್‌ಫೋನ್ ಕಿತ್ತು ತನ್ನ ಕಿವಿಗೆ ಹಿಡಿದಳು. ಜಾವೀದ್ ಮತ್ತೆ ಹಾಕಿದ. ಕೇಳಿದವಳು ಹುಲ್ಲಿನ ಮೇಲೆ ಕುಸಿದು ಕೂತಳು.

"ಅಪ್ಪ ಕಣೇ" ಅಂದಳು. ಮಲ್ಲೇಶನ ಕಡೆ ತಿರುಗಿ, "ನಿಮ್ಮಜ್ಜಿಗೆ ಕೂಗ್ಬೇಕಿತ್ತಪ್ಪ. ಈಗ ಕೂಗವ್ನೆ ನೋಡು" ಎಂದು ಅಳತೊಡಗಿದಳು.

ಮಲ್ಲೇಶ್ ಬೂಟು ಕೆಳಗಿಟ್ಟು ಅವಳ ಪಕ್ಕ ಕೂತ. ಅಮ್ಮನನ್ನು ಸಮಾಧಾನ ಮಾಡಬೇಕೆನ್ನಿಸಿ ಹತ್ತಿರ ಹೋಗಿ, ಅಮ್ಮಾ ಎನ್ನಲು ಬಾಯಿ ತೆರೆದೆ. ಕಿವಿ ಮತ್ತೆ ಗವ್ವೆಂದು ಕಟ್ಟಿಕೊಂಡಿತು.

ಇಬ್ಬರೂ ಒಟ್ಟಿಗೆ ತೋಳುಗಳನ್ನು ತಲೆಯ ಮೇಲೆ ಕಟ್ಟಿ ಕತ್ತು ತಗ್ಗಿಸಿದರು.